ಮೀನಿಗಿಂತ ಮೊದಲು ನೀರು ಪಳಗಲಿ

ಎರಡು ವರ್ಷದ ಹಿಂದಿನ ಮಾತು. ಈದ್‌ಗೆ ಸಿಕ್ಕಿದ ಈದಿ ಹಣವನ್ನೆಲ್ಲ ಕೂಡಿಟ್ಟುಕೊಂಡಿದ್ದ ನನ್ನ ಕಿರಿಯ ಮಗಳು ಮೀನು ಬೇಕೆಂದು ಹಟ ಹಿಡಿದಳು. ಅಂಗಡಿಗೆ ಕರೆದುಕೊಂಡು ಹೋದೆ. ಅರ್ಧ ಗಂಟೆಯಲ್ಲಿ ಒಂದು ಗಾಜಿನ ಬೌಲ್, ಒಂದು ಹಿಡಿ ಬಣ್ಣದ ಕಲ್ಲು, ಒಂದು ಪ್ಲಾಸ್ಟಿಕ್ ಗಿಡ, ಒಂದು ಡಬ್ಬಿ ಆಹಾರ ಮತ್ತು ಒಂದು ನೀಲಿ ಫೈಟರ್ ಮೀನು ನಮ್ಮ ಕೈಯಲ್ಲಿದ್ದವು. "ಇದಕ್ಕೆ ಫಿಲ್ಟರ್ ಗಿಲ್ಟರ್ ಏನೂ ಬೇಡ ಸಾರ್, ವಾರಕ್ಕೊಮ್ಮೆ ನೀರು ಬದಲಾಯಿಸಿದರೆ ಸಾಕು" ಎಂದು ಅಂಗಡಿಯವರು ಧೈರ್ಯ ಹೇಳಿದರು.

ಒಂಬತ್ತನೇ ದಿನ ಬೆಳಗ್ಗೆ ಮೀನು ಬೌಲ್‌ನ ತಳದಲ್ಲಿ ಒಂದು ಬದಿಗೆ ವಾಲಿ ಬಿದ್ದಿತ್ತು. ನೀರು ಮಾತ್ರ ಕನ್ನಡಿಯಂತೆ ತಿಳಿಯಾಗಿತ್ತು. "ಅಬ್ಬು, ನಾನೇನು ತಪ್ಪು ಮಾಡಿದೆ?" ಎಂದು ಮಗಳು ಕೇಳಿದಳು. ಎಲ್ಲ ತಂದೆ ತಾಯಂದಿರು ಹೇಳುವುದನ್ನೇ ನಾನೂ ಹೇಳಿದೆ: "ಅದರ ಆಯಸ್ಸು ಅಷ್ಟೇ ಇತ್ತಮ್ಮ."

ಆ ಉತ್ತರ ನನ್ನನ್ನು ಬಹಳ ದಿನ ಕಾಡಿತು. ಜೀವ ಕೊಡುವವನೂ ತೆಗೆದುಕೊಳ್ಳುವವನೂ ಅಲ್ಲಾಹನೇ ಎಂಬುದರಲ್ಲಿ ನಮಗೆ ಸಂಶಯವಿಲ್ಲ. ಆದರೆ ಕಾಲರಾ ಬಂದ ಊರಿಗೆ ಹೋದ ವೈದ್ಯನೊಬ್ಬ ಬಾವಿಯನ್ನು ಪರೀಕ್ಷಿಸದೆ ಬರೀ ಆಯಸ್ಸಿನ ಮಾತಾಡಿದರೆ ನೀವು ಒಪ್ಪುತ್ತೀರಾ? ಚೆನ್ನಾಗಿ ನೋಡಿಕೊಂಡರೆ ಫೈಟರ್ ಮೀನು ಎರಡು ಮೂರು ವರ್ಷ ಬದುಕುತ್ತದೆ. ನಮ್ಮ ಮನೆಯಲ್ಲಿ ಒಂಬತ್ತು ದಿನಕ್ಕೆ ಸತ್ತಿದ್ದರೆ ಕಾರಣ ನೀರಿನಲ್ಲಿತ್ತು. ನೀರನ್ನು ತಂದವನು ನಾನು.

ಆಮೇಲೆ ಓದಿ, ಕೇಳಿ, ಸ್ವತಃ ಮಾಡಿ ನೋಡಿ ಕಲಿತದ್ದನ್ನು ಒಂದೇ ವಾಕ್ಯದಲ್ಲಿ ಹೇಳುತ್ತೇನೆ. ಮೀನು ಮತ್ತು ಟ್ಯಾಂಕನ್ನು ಒಂದೇ ದಿನ ಮನೆಗೆ ತರಬೇಡಿ. ಮೊದಲು ಟ್ಯಾಂಕ್ ತನ್ನಿ, ನೀರು ತುಂಬಿ, ಅದನ್ನು ಒಂದು ತಿಂಗಳು ಪಳಗಿಸಿ. ಮೀನು ಆಮೇಲೆ ಬರಲಿ. ಹೊಸ ಕಬ್ಬಿಣದ ಕಾವಲಿಯನ್ನು ಅಂಗಡಿಯಿಂದ ತಂದ ದಿನವೇ ಯಾರೂ ದೋಸೆ ಹುಯ್ಯುವುದಿಲ್ಲ. ಎಣ್ಣೆ ಸವರಿ, ಈರುಳ್ಳಿ ಉಜ್ಜಿ, ಕಾಯಿಸಿ ಪಳಗಿಸುತ್ತೇವೆ. ಟ್ಯಾಂಕಿನ ನೀರಿಗೂ ಅಂತಹ ಒಂದು ಪಾಕ ಇದೆ.

ತಿಳಿನೀರಿನೊಳಗಿನ ವಿಷ

ಮೀನು ಉಣ್ಣುವುದು, ಉಸಿರಾಡುವುದು, ಮಲಮೂತ್ರ ವಿಸರ್ಜಿಸುವುದು ಎಲ್ಲವೂ ಒಂದೇ ನೀರಿನಲ್ಲಿ. ದೇಹದ ತ್ಯಾಜ್ಯವನ್ನು ಅದು ಅಮೋನಿಯಾ ರೂಪದಲ್ಲಿ, ಹೆಚ್ಚಾಗಿ ಕಿವಿರುಗಳ ಮೂಲಕವೇ ಹೊರಹಾಕುತ್ತದೆ. ತಿನ್ನದೆ ಬಿಟ್ಟ ಆಹಾರ ಕೊಳೆತರೆ ಅದೂ ಅಮೋನಿಯಾ ಆಗುತ್ತದೆ. ಈ ಅಮೋನಿಯಾಕ್ಕೆ ಬಣ್ಣವಿಲ್ಲ. ಮೀನನ್ನು ಕೊಲ್ಲುವಷ್ಟಿದ್ದರೂ ನಮ್ಮ ಮೂಗಿಗೆ ವಾಸನೆ ತಿಳಿಯುವುದಿಲ್ಲ. ಮೀನಿನ ಕಿವಿರುಗಳನ್ನು ಮಾತ್ರ ಅದು ಸುಡುತ್ತದೆ.

ನದಿಯಲ್ಲಿ, ಗದ್ದೆಯ ನೀರಿನಲ್ಲಿ ಇದನ್ನು ಯಾರು ಶುಚಿ ಮಾಡುತ್ತಾರೆ? ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು. ಒಂದು ಗುಂಪು ಅಮೋನಿಯಾವನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತದೆ. ನೈಟ್ರೈಟ್ ಕೂಡ ವಿಷವೇ. ಇನ್ನೊಂದು ಗುಂಪು ಅದನ್ನು ನೈಟ್ರೇಟ್ ಮಾಡುತ್ತದೆ. ಇದು ಕಡಿಮೆ ಪ್ರಮಾಣದಲ್ಲಿದ್ದರೆ ಮೀನು ಸಹಿಸಿಕೊಳ್ಳುತ್ತದೆ. ಗಿಡಗಳು ಅದನ್ನು ಗೊಬ್ಬರವಾಗಿ ಹೀರಿಕೊಳ್ಳುತ್ತವೆ, ಉಳಿದದ್ದನ್ನು ನಾವು ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಾಯಿಸಿ ತೆಗೆಯಬಹುದು. ಈ ಬ್ಯಾಕ್ಟೀರಿಯಾಗಳನ್ನು 1890ರ ಸುಮಾರಿಗೆ ಬೇರ್ಪಡಿಸಿ ತೋರಿಸಿದವರು ಸೆರ್ಗೆಯ್ ವಿನೊಗ್ರಾಡ್‌ಸ್ಕಿ ಎಂಬ ವಿಜ್ಞಾನಿ.

ಹೊಸ ಟ್ಯಾಂಕಿನಲ್ಲಿ ಈ ಕೆಲಸಗಾರರು ಇರುವುದಿಲ್ಲ ಎಂಬುದೇ ಸಮಸ್ಯೆ. ಅವು ನೀರಿನಲ್ಲಿ ತೇಲುವುದಕ್ಕಿಂತ ಫಿಲ್ಟರಿನ ಸ್ಪಾಂಜ್, ಕಲ್ಲು, ಮರಳು, ಗಾಜಿನ ಮೇಲೆ ಅಂಟಿಕೊಂಡು ಬೆಳೆಯುತ್ತವೆ. ಬೆಳವಣಿಗೆ ಬಹಳ ನಿಧಾನ. ಸಾಕಷ್ಟು ಸಂಖ್ಯೆಗೆ ಬರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಆ ಅವಧಿಯಲ್ಲಿ ಮೀನು ಒಳಗಿದ್ದರೆ ತನ್ನ ತ್ಯಾಜ್ಯದಲ್ಲೇ ಅದು ಬೇಯುತ್ತದೆ. ಮೊದಲ ವಾರ ಅಮೋನಿಯಾ, ಅದನ್ನು ಹೇಗೋ ದಾಟಿದರೆ ನೈಟ್ರೈಟ್. ನೈಟ್ರೈಟ್ ರಕ್ತಕ್ಕೆ ಸೇರಿದಾಗ ಆಮ್ಲಜನಕ ಹೊರುವ ಶಕ್ತಿ ಕುಂದಿ ರಕ್ತ ಕಂದು ಬಣ್ಣಕ್ಕೆ ತಿರುಗುತ್ತದೆ. ನೈಟ್ರೇಟ್ ಹೆಚ್ಚಿರುವ ಬಾವಿ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕುಡಿಸಿದ ಹಸುಗೂಸು ನೀಲಿಗಟ್ಟುವುದೂ ಇದೇ ರೀತಿಯಲ್ಲಿ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದೆಂದು ನಮ್ಮ ಭಾರತೀಯ ಮಾನಕ ಹೇಳುತ್ತದೆ. ಮೀನಿನ ಪಾಠ ನಮ್ಮ ತೊಟ್ಟಿಲಿಗೂ ಸಂಬಂಧಿಸಿದ್ದು.

ಯುನಾನಿಯಲ್ಲಿ ಆರೋಗ್ಯಕ್ಕೆ ಅಗತ್ಯವಾದ ಆರು ಅಂಶಗಳನ್ನು ಅಸ್ಬಾಬೆ ಸಿತ್ತಾ ಝರೂರಿಯಾ ಎನ್ನುತ್ತೇವೆ. ಗಾಳಿ, ಅನ್ನಪಾನ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ದೆ ಮತ್ತು ಎಚ್ಚರ. ಆರನೆಯದು ಇಹ್ತಿಬಾಸ್ ಮತ್ತು ಇಸ್ತಿಫ್ರಾಗ್, ಅಂದರೆ ದೇಹದಲ್ಲಿ ಉಳಿಯಬೇಕಾದ್ದು ಉಳಿಯುವುದು, ಹೊರಹೋಗಬೇಕಾದ್ದು ಹೊರಹೋಗುವುದು. ಬ್ಯಾಕ್ಟೀರಿಯಾದ ವಿಷಯ ನಮ್ಮ ಹಳೆಯ ಗ್ರಂಥಗಳಲ್ಲಿ ಇಲ್ಲ, ಇದೆಯೆಂದು ನಾನು ಎಳೆದು ತರುವುದೂ ಇಲ್ಲ. ಆದರೆ ಹೊರಹೋದ ತ್ಯಾಜ್ಯಕ್ಕೆ ದಾರಿಯಿಲ್ಲದಿದ್ದರೆ ಬೇರೆ ಐದೂ ಅಂಶಗಳು ಚೆನ್ನಾಗಿದ್ದೂ ಜೀವ ಉಳಿಯದು ಎಂಬುದನ್ನು ಆ ಬೌಲ್ ನನಗೆ ಕಲಿಸಿತು.

"ಇದು ಬಾಟಲಿಯಲ್ಲೂ ಬದುಕುತ್ತೆ"

ಅಂಗಡಿಗಳಲ್ಲಿ ಫೈಟರ್ ಮೀನನ್ನು ಲೋಟದಷ್ಟು ನೀರಿನಲ್ಲಿ ಸಾಲಾಗಿ ಇಟ್ಟಿರುವುದನ್ನು ನೀವು ನೋಡಿದ್ದೀರಿ. ಬೆಟ್ಟಾ ಎಂದೂ ಕರೆಯುವ ಇದು ಮೂಲತಃ ಥಾಯ್ಲೆಂಡ್ ಸುತ್ತಮುತ್ತಲಿನ ಗದ್ದೆ, ಜೌಗು, ನಿಧಾನವಾಗಿ ಹರಿಯುವ ನೀರಿನ ಮೀನು. 2019ರಲ್ಲಿ ಆ ದೇಶ ಇದನ್ನು ತನ್ನ ರಾಷ್ಟ್ರೀಯ ಜಲಚರವೆಂದು ಘೋಷಿಸಿತು. ಇದರ ತಲೆಯೊಳಗೆ ಕಿವಿರಿನ ಜೊತೆ ಇನ್ನೊಂದು ಅಂಗವಿದೆ. ಆಮ್ಲಜನಕ ಕಡಿಮೆಯಾದರೆ ಮೇಲೆ ಬಂದು ಗಾಳಿಯನ್ನೇ ಗುಟುಕರಿಸಬಲ್ಲದು. ಹಾಗಾಗಿ ಬೇರೆ ಮೀನು ಗಂಟೆಗಳಲ್ಲಿ ಸಾಯುವ ಕಡೆ ಇದು ದಿನಗಟ್ಟಲೆ ಜೀವ ಹಿಡಿದುಕೊಂಡಿರುತ್ತದೆ. ನಾವು ಅದನ್ನು ಬದುಕು ಎಂದುಕೊಳ್ಳುತ್ತೇವೆ. ಗಾಳಿ ಕುಡಿಯುವ ಶಕ್ತಿ ಉಸಿರುಗಟ್ಟುವುದರಿಂದ ಕಾಪಾಡೀತು, ಅಮೋನಿಯಾದಿಂದ ಕಾಪಾಡದು. ಗದ್ದೆಯ ನೀರು ಆಳವಿಲ್ಲದಿದ್ದರೂ ಅದರ ವಿಸ್ತಾರ ಎಷ್ಟು ದೊಡ್ಡದು! ಲೋಟವನ್ನು ಗದ್ದೆಗೆ ಹೋಲಿಸುವುದು ನ್ಯಾಯವಲ್ಲ.

ಒಂದು ಮೀನಿಗೆ ಕನಿಷ್ಠ 20 ಲೀಟರ್ ನೀರು ಇರಲಿ ಎಂಬುದು ನನ್ನ ಅಭಿಪ್ರಾಯ. ನೀರು ಹೆಚ್ಚಿದ್ದಷ್ಟೂ ವಿಷ ತೆಳುವಾಗುತ್ತದೆ, ಉಷ್ಣತೆ ಬೇಗ ಏರಿಳಿಯುವುದಿಲ್ಲ. ಜಾಗವಿಲ್ಲದಿದ್ದರೆ ಮೀನು ಸಾಕದಿರುವುದೇ ಒಳ್ಳೆಯದು.

ಪಳಗಿಸುವ ಕ್ರಮ

ಬೇಕಾದ ಸಾಮಾನು ಕಡಿಮೆ. ಮುಚ್ಚಳವಿರುವ ಟ್ಯಾಂಕ್, ಸ್ಪಾಂಜ್ ಫಿಲ್ಟರ್, ಅದಕ್ಕೆ ಗಾಳಿ ಊದುವ ಸಣ್ಣ ಏರ್ ಪಂಪ್, ಥರ್ಮಾಮೀಟರ್, ಮತ್ತು ಅಮೋನಿಯಾ, ನೈಟ್ರೈಟ್, ನೈಟ್ರೇಟ್ ಮೂರನ್ನೂ ಅಳೆಯುವ ಟೆಸ್ಟ್ ಕಿಟ್. ಫೈಟರ್ ಮೀನಿಗೆ ಜೋರು ಹರಿವು ಆಗಿಬರುವುದಿಲ್ಲ, ಅದಕ್ಕೇ ಸ್ಪಾಂಜ್ ಫಿಲ್ಟರ್ ಹೇಳಿದೆ. ಬಣ್ಣದ ಕಲ್ಲಿಗೆ, ಪ್ಲಾಸ್ಟಿಕ್ ಕೋಟೆಗೆ ಕೊಡುವ ಹಣವನ್ನು ಟೆಸ್ಟ್ ಕಿಟ್‌ಗೆ ಕೊಡಿ. ಅಳೆಯದೆ ಪಳಗಿಸುವುದು ಥರ್ಮಾಮೀಟರ್ ಇಲ್ಲದೆ ಜ್ವರ ನೋಡಿದಂತೆ.

ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ನಮ್ಮನ್ನು ರೋಗಾಣುಗಳಿಂದ ಕಾಯುವ ಅದು ಈ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಬಿಡುವುದಿಲ್ಲ, ಮೀನಿನ ಕಿವಿರನ್ನೂ ಬಿಡುವುದಿಲ್ಲ. ಅಂಗಡಿಯಲ್ಲಿ ಆಂಟಿ-ಕ್ಲೋರಿನ್ ಎಂಬ ಹನಿ ಔಷಧ ಸಿಗುತ್ತದೆ. ಅದನ್ನು ಬಾಟಲಿಯ ಮೇಲೆ ಹೇಳಿದ ಪ್ರಮಾಣದಲ್ಲಿ ಹಾಕಿ. ಇಲ್ಲವೇ ಅಗಲ ಬಾಯಿಯ ಬಕೆಟ್‌ನಲ್ಲಿ ನೀರನ್ನು 24 ಗಂಟೆ ಇಡಿ, ಮೇಲೆ ತೆಳು ಬಟ್ಟೆ ಕಟ್ಟಿ.

ನೀರು ತುಂಬಿ ಫಿಲ್ಟರ್ ಓಡಲು ಬಿಟ್ಟ ಮೇಲೆ ಬ್ಯಾಕ್ಟೀರಿಯಾಗಳಿಗೆ ಆಹಾರ ಬೇಕು. ಮೀನಿಲ್ಲದೆ ಅಮೋನಿಯಾ ಎಲ್ಲಿಂದ? ಎರಡು ದಾರಿಗಳಿವೆ. ಸುಲಭದ್ದು, ದಿನಕ್ಕೆ ಒಂದು ಚಿಟಿಕೆ ಮೀನಿನ ಆಹಾರವನ್ನು ಖಾಲಿ ಟ್ಯಾಂಕಿಗೆ ಹಾಕುವುದು. ಅದು ಕೊಳೆತು ಅಮೋನಿಯಾ ಆಗುತ್ತದೆ. ಸ್ವಲ್ಪ ಗಲೀಜು, ಅಳತೆಯೂ ಸಿಗದು.

ಎರಡನೆಯದು ಅಮೋನಿಯಂ ಕ್ಲೋರೈಡ್. ಹಕೀಮರ ಮನೆಯವರಿಗೆ ಇದು ಹಳೆಯ ಪರಿಚಯ, ನಮ್ಮ ನೌಶಾದರ್, ಕನ್ನಡದ ನವಸಾಗರ. ಸಾವಿರ ವರ್ಷಕ್ಕೂ ಹಿಂದೆ ಅರ್‌ರಾಝಿ ಪಾದರಸ, ಗಂಧಕಗಳ ಜೊತೆಗೆ ಇದನ್ನೂ ಕಾಯಿಸಿದರೆ ಆವಿಯಾಗುವ ದ್ರವ್ಯಗಳ ಗುಂಪಿನಲ್ಲಿ ಸೇರಿಸಿದ್ದರು. ಆದರೆ ಗಂಧಿಗೆ ಅಂಗಡಿಯ ನೌಶಾದರ್ ಗಟ್ಟಿಯನ್ನು ಟ್ಯಾಂಕಿಗೆ ಹಾಕಬೇಡಿ, ಅದರಲ್ಲಿ ಏನೇನು ಬೆರೆತಿದೆಯೋ ಹೇಳಲಾಗದು. ಪ್ರಯೋಗಾಲಯದ ಸಾಮಗ್ರಿ ಮಾರುವಲ್ಲಿ ಶುದ್ಧವಾದದ್ದು ಸಿಗುತ್ತದೆ. 5 ಗ್ರಾಂ ಪುಡಿಯನ್ನು 400 ಮಿ.ಲೀ. ನೀರಿನಲ್ಲಿ ಕರಗಿಸಿಡಿ. ಬಾಟಲಿಯ ಮೇಲೆ ಹೆಸರು ಬರೆದು ಮಕ್ಕಳ ಕೈಗೆ ಸಿಗದಂತೆ ಇಡಿ. ಇದರ 10 ಮಿ.ಲೀ.ಯನ್ನು 20 ಲೀಟರ್ ಟ್ಯಾಂಕಿಗೆ ಹಾಕಿದರೆ ಅಮೋನಿಯಾ ಲೀಟರಿಗೆ ಸುಮಾರು 2 ಮಿಲಿಗ್ರಾಂ ಆಗುತ್ತದೆ. ಅಷ್ಟು ಸಾಕು.

ಎರಡು ಮೂರು ದಿನಕ್ಕೊಮ್ಮೆ ಪರೀಕ್ಷಿಸಿ ಒಂದು ಪುಸ್ತಕದಲ್ಲಿ ಬರೆದಿಡಿ. ಕೆಲವು ದಿನ ಏನೂ ಬದಲಾಗುವುದಿಲ್ಲ, ಬೇಸರವಾಗುತ್ತದೆ. ಆಮೇಲೆ ಅಮೋನಿಯಾ ಇಳಿಯತೊಡಗಿ ನೈಟ್ರೈಟ್ ಕಾಣಿಸಿಕೊಳ್ಳುತ್ತದೆ. ಅಮೋನಿಯಾ ಸೊನ್ನೆಗೆ ಬಂದಾಗಲೆಲ್ಲ ಮತ್ತೆ ಅದೇ ಪ್ರಮಾಣ ಹಾಕಿ. ನೈಟ್ರೈಟ್ ಏರಿ, ಬಹಳ ದಿನ ಹಾಗೇ ನಿಂತು, ಒಂದು ದಿನ ಇಳಿಯುತ್ತದೆ. ನೈಟ್ರೇಟ್ ಏರುತ್ತದೆ. ಸಂಜೆ ಹಾಕಿದ 2 ಮಿಲಿಗ್ರಾಂ ಮರುದಿನ ಸಂಜೆಯ ಹೊತ್ತಿಗೆ ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ ಎಂದು ತೋರಿಸಿದರೆ ನೀರು ಪಳಗಿತು. ಅರ್ಧಕ್ಕಿಂತ ಹೆಚ್ಚು ನೀರನ್ನು ಬದಲಾಯಿಸಿ ನೈಟ್ರೇಟ್ ಇಳಿಸಿ. ಈಗ ಮಗುವನ್ನು ಅಂಗಡಿಗೆ ಕರೆದುಕೊಂಡು ಹೋಗಿ.

ಬೇಗ ಆಗಬೇಕೆಂದರೆ, ಆರೋಗ್ಯವಾಗಿರುವ ಹಳೆಯ ಟ್ಯಾಂಕ್ ಇಟ್ಟಿರುವ ಪರಿಚಿತರ ಫಿಲ್ಟರಿನ ಸ್ಪಾಂಜಿನ ಒಂದು ತುಂಡು ಕೇಳಿ ತನ್ನಿ. ಮೊಸರಿಗೆ ಹೆಪ್ಪು ಹಾಕಿದಂತೆ. ಬಾಟಲಿಯಲ್ಲಿ ಮಾರುವ ಬ್ಯಾಕ್ಟೀರಿಯಾಗಳಲ್ಲಿ ಕೆಲವು ಕೆಲಸ ಮಾಡುತ್ತವೆ, ಕೆಲವು ಮಾಡುವುದಿಲ್ಲ. ತೀರ್ಪು ಕೊಡಬೇಕಾದದ್ದು ಟೆಸ್ಟ್ ಕಿಟ್, ಲೇಬಲ್ ಅಲ್ಲ.

ನಿಮ್ಮ ಊರಿನ ನೀರು ಯಾವುದು?

ಎಲ್ಲರ ಮನೆಯ ನೀರು ಒಂದೇ ಅಲ್ಲ. ಕರಾವಳಿಯ ಮುರಕಲ್ಲಿನ ಬಾವಿಗಳ ನೀರು ಬಹುಮಟ್ಟಿಗೆ ಮೃದು, ಸ್ವಲ್ಪ ಆಮ್ಲೀಯ. ಪಿಎಚ್ 6ರ ಹತ್ತಿರ ಬಂದರೆ ಬ್ಯಾಕ್ಟೀರಿಯಾಗಳು ಬಹುತೇಕ ಕೆಲಸ ನಿಲ್ಲಿಸುತ್ತವೆ. ಎರಡು ತಿಂಗಳಾದರೂ ನೀರು ಪಳಗದಿದ್ದರೆ ಕಾರಣ ಇದಿರಬಹುದು. ಸಣ್ಣ ಬಟ್ಟೆ ಚೀಲದಲ್ಲಿ ತೊಳೆದ ಚಿಪ್ಪಿನ ಚೂರುಗಳನ್ನು ಕಟ್ಟಿ ಫಿಲ್ಟರಿನ ಬಳಿ ಇಟ್ಟರೆ ನಿಧಾನವಾಗಿ ಸರಿಹೋಗುತ್ತದೆ.

ಬಯಲುಸೀಮೆಯ ಬೋರ್‌ವೆಲ್ ನೀರು ಸಾಮಾನ್ಯವಾಗಿ ಗಡಸು, ಪಿಎಚ್ ಹೆಚ್ಚು. ಅಲ್ಲಿ ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆಯುತ್ತವೆ, ಆದರೆ ಅಮೋನಿಯಾ ಹೆಚ್ಚು ಅಪಾಯಕಾರಿ. 25 ಡಿಗ್ರಿ ಉಷ್ಣತೆಯಲ್ಲಿ ಪಿಎಚ್ 7 ಇದ್ದರೆ ಅಮೋನಿಯಾದಲ್ಲಿ ಸುಮಾರು ಅರ್ಧ ಶೇಕಡಾ ಮಾತ್ರ ತೀವ್ರ ವಿಷರೂಪದಲ್ಲಿರುತ್ತದೆ. ಪಿಎಚ್ 8 ಆದರೆ ಸುಮಾರು ಶೇ. 5. ಹತ್ತು ಪಟ್ಟು ವ್ಯತ್ಯಾಸ. ಬೋರ್‌ವೆಲ್ ನೀರಿನಲ್ಲಿ ಮೊದಲೇ ನೈಟ್ರೇಟ್ ಇರಬಹುದು, ತುಂಬುವ ಮೊದಲೇ ಒಮ್ಮೆ ಪರೀಕ್ಷಿಸಿ.

ಫೈಟರ್ ಮೀನಿಗೆ 25ರಿಂದ 28 ಡಿಗ್ರಿ ಉಷ್ಣತೆ ಹಿತ. ಮಂಗಳೂರಿನಲ್ಲಿ ಹೀಟರ್ ಬೇಕಾಗುವುದು ಅಪರೂಪ. ಬೆಂಗಳೂರಿನ ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಬೇಕು.

ಅತಿ ಶುಚಿಯಿಂದಲೂ ಕೇಡು

ನಮ್ಮ ಮನೆಗಳಲ್ಲಿ ಶುಚಿತ್ವಕ್ಕೆ ದೊಡ್ಡ ಸ್ಥಾನವಿದೆ. ಆ ಅಭ್ಯಾಸದಿಂದಲೇ ಭಾನುವಾರ ಬಂತೆಂದರೆ ಟ್ಯಾಂಕನ್ನು ಪೂರ್ತಿ ಖಾಲಿ ಮಾಡಿ, ಕಲ್ಲುಗಳನ್ನು ಉಜ್ಜಿ, ಫಿಲ್ಟರನ್ನು ನಲ್ಲಿಯ ಕೆಳಗೆ ತೊಳೆದು ಫಳಫಳ ಹೊಳೆಯಿಸುತ್ತೇವೆ. ತಿಂಗಳಿಡೀ ಬೆಳೆಸಿದ ಬ್ಯಾಕ್ಟೀರಿಯಾ ಅಂದೇ ಚರಂಡಿಗೆ. ಮೀನು ಮತ್ತೆ ಹೊಸ ಟ್ಯಾಂಕಿಗೆ. ವಾರಕ್ಕೊಮ್ಮೆ ಕಾಲು ಭಾಗ ನೀರು ಮಾತ್ರ ಬದಲಾಯಿಸಿ. ಸ್ಪಾಂಜನ್ನು ತೆಗೆದ ಹಳೆಯ ನೀರಿನಲ್ಲೇ ಮೆಲ್ಲಗೆ ಹಿಂಡಿ. ಕರೆಂಟ್ ಹೋದಾಗ ಬ್ಯಾಕ್ಟೀರಿಯಾಗಳಿಗೂ ಗಾಳಿ ಸಿಗುವುದಿಲ್ಲ. ಗಂಟೆಗಟ್ಟಲೆ ಕರೆಂಟ್ ಹೋಗುವ ಊರಾದರೆ ಬ್ಯಾಟರಿಯ ಏರ್ ಪಂಪ್ ಇಟ್ಟುಕೊಳ್ಳಿ.

"ಮೀನು ಮಂಕಾಗಿದೆ, ಏನಾದರೂ ಔಷಧ ಕೊಡಿ ಹಕೀಮ್ ಸಾಹೇಬ್" ಎಂದು ಕೇಳುವವರಿದ್ದಾರೆ. ಯುನಾನಿಯಲ್ಲಿ ಔಷಧಕ್ಕೆ ಮೊದಲು ತದ್ಬೀರ್, ಅಂದರೆ ವಾಸ ಮತ್ತು ರೂಢಿಗಳನ್ನು ಸರಿಪಡಿಸುವುದು. ಅರಿಶಿನ, ಬೇವು, ಉಪ್ಪು ಎಂದು ಕೈಗೆ ಸಿಕ್ಕಿದ್ದನ್ನು ನೀರಿಗೆ ಹಾಕಬೇಡಿ. ಅಂಗಡಿಯವರು ಕೊಡುವ ಮಿಥಿಲೀನ್ ಬ್ಲೂ ಫಿಲ್ಟರಿನ ಬ್ಯಾಕ್ಟೀರಿಯಾಗಳಿಗೂ ಮಾರಕ. ರಸ್ತೆ ಬದಿಯ ಬಾದಾಮಿ ಮರದ ಒಣಗಿದ ಎಲೆ ಹಾಕುವವರಿದ್ದಾರೆ. ಅದರಿಂದ ನೀರು ಕಂದಾಗಿ ಮೀನಿಗೆ ಹಿತವಾಗಬಹುದು, ಅಮೋನಿಯಾ ಮಾತ್ರ ಹೋಗುವುದಿಲ್ಲ. ಮೊದಲು ನೀರು ಪರೀಕ್ಷಿಸಿ.

ಮನೆಯವರ ಆರೋಗ್ಯ

ಖಾಲಿ ಟ್ಯಾಂಕ್ ಒಂದು ತಿಂಗಳು ನೀರು ತುಂಬಿಕೊಂಡು ನಿಂತರೆ ಡೆಂಗೀ ಹರಡುವ ಈಡಿಸ್ ಸೊಳ್ಳೆಗೆ ಹಬ್ಬ. ಮೊಟ್ಟೆಯಿಂದ ಸೊಳ್ಳೆಯಾಗಲು ಅದಕ್ಕೆ ಒಂದು ವಾರ, ಹತ್ತು ದಿನ ಸಾಕು. ಆದ್ದರಿಂದ ಮುಚ್ಚಳ ಕಡ್ಡಾಯ, ಸಂದಿಗಳಿಗೆ ಸೊಳ್ಳೆ ಪರದೆಯ ಬಟ್ಟೆ ಕಟ್ಟಿ. ನೀರು ಬದಲಾಯಿಸಲು ತುಂಬಿಟ್ಟ ಬಕೆಟ್‌ಗೂ ಇದೇ ನಿಯಮ.

ಪೈಪಿನಿಂದ ನೀರು ತೆಗೆಯುವಾಗ ಬಾಯಿಯಿಂದ ಎಳೆಯಬೇಡಿ. ಟ್ಯಾಂಕಿನ ನೀರಿನಲ್ಲಿ ಸಾಲ್ಮೊನೆಲ್ಲಾದಂತಹ ರೋಗಾಣುಗಳಿರಬಹುದು. ಟ್ಯಾಂಕಿನ ಬಕೆಟ್, ಬಟ್ಟೆ ಬೇರೆಯೇ ಇರಲಿ, ಅಡುಗೆಮನೆಯ ಸಿಂಕ್‌ನಲ್ಲಿ ಏನನ್ನೂ ತೊಳೆಯಬೇಡಿ. ಕೈ ಹಾಕಿದ ಮೇಲೆ ಸಾಬೂನಿನಿಂದ ತೊಳೆಯಿರಿ, ಮಕ್ಕಳಿಂದಲೂ ತೊಳೆಯಿಸಿ.

ಕೈಯಲ್ಲಿ ಗಾಯವಿದ್ದರೆ ಟ್ಯಾಂಕಿಗೆ ಕೈ ಹಾಕಬೇಡಿ, ಅನಿವಾರ್ಯವಾದರೆ ಉದ್ದ ಗ್ಲೌಸ್ ಹಾಕಿ. ಕ್ಷಯರೋಗಾಣುವಿನ ಬಳಗಕ್ಕೆ ಸೇರಿದ ಮೈಕೋಬ್ಯಾಕ್ಟೀರಿಯಂ ಮ್ಯಾರಿನಮ್ ಎಂಬ ಬ್ಯಾಕ್ಟೀರಿಯಾ ಗಾಯದ ಮೂಲಕ ಒಳಸೇರಿ, ಕೆಲವು ವಾರಗಳ ನಂತರ ಬೆರಳು, ಕೈಯಲ್ಲಿ ಮಾಗದ ಗಂಟುಗಳನ್ನು ಉಂಟುಮಾಡಬಲ್ಲದು. ಅಪರೂಪವಾದರೂ ಸಾಮಾನ್ಯ ಮುಲಾಮಿಗೆ ಬಗ್ಗುವುದಿಲ್ಲ, ತಿಂಗಳುಗಟ್ಟಲೆ ಆಂಟಿಬಯೋಟಿಕ್ ಬೇಕಾಗುತ್ತದೆ. ಇದಕ್ಕೆ ನನ್ನ ಬಳಿ ಮರ್ಹಮ್ ಕೇಳಲು ಬರಬೇಡಿ, ಚರ್ಮರೋಗ ತಜ್ಞರ ಬಳಿ ಹೋಗಿ, ಮನೆಯಲ್ಲಿ ಮೀನಿದೆ ಎಂದು ಮರೆಯದೆ ಹೇಳಿ. ಮಧುಮೇಹ ಇರುವವರು, ಸ್ಟೀರಾಯ್ಡ್ ಅಥವಾ ಕ್ಯಾನ್ಸರ್ ಔಷಧ ತೆಗೆದುಕೊಳ್ಳುತ್ತಿರುವವರು ಟ್ಯಾಂಕ್ ಶುಚಿ ಮಾಡುವ ಕೆಲಸವನ್ನು ಬೇರೆಯವರಿಗೆ ಬಿಡಿ.

"ಒಂದು ಮೀನಿಗೆ ಇಷ್ಟೆಲ್ಲ ಯಾಕೆ?"

ಈ ಪ್ರಶ್ನೆ ಬಂದೇ ಬರುತ್ತದೆ. ಮೀನಿನ ಬೆಲೆ ನೂರಿನ್ನೂರು ರೂಪಾಯಿ, ಅದಕ್ಕೆ ಮಾಡುವ ವ್ಯವಸ್ಥೆಯ ಬೆಲೆ ಅದರ ಹಲವು ಪಟ್ಟು, ಮೇಲೆ ಒಂದು ತಿಂಗಳ ಕಾಯುವಿಕೆ. ಸತ್ತರೆ ಇನ್ನೊಂದು ತಂದರಾಯಿತು ಎಂದು ನೀವು ಹೇಳಬಹುದು. ನಾನು ಒಪ್ಪುವುದಿಲ್ಲ. ಸತ್ತದ್ದರ ಜಾಗಕ್ಕೆ ಇನ್ನೊಂದನ್ನು ತಂದುಕೊಡುತ್ತಾ ಹೋದರೆ ಜೀವವೆಂದರೆ ಬದಲಿಸಬಹುದಾದ ವಸ್ತು ಎಂದು ಮಗು ಕಲಿಯುತ್ತದೆ. ಮಗುವಿನ ದುಃಖವೂ ಸಣ್ಣದಲ್ಲ. ತಾನು ಸಾಕಿದ್ದ ಪುಟ್ಟ ಹಕ್ಕಿ ಸತ್ತು ಮಂಕಾಗಿ ಕೂತಿದ್ದ ಬಾಲಕ ಅಬೂ ಉಮೈರ್‌ನನ್ನು ಪ್ರವಾದಿವರ್ಯರು(ಸ) ಹಕ್ಕಿಯ ಹೆಸರೆತ್ತಿ ಮಾತನಾಡಿಸಿದ್ದು ನಮಗೆಲ್ಲ ಗೊತ್ತು. ಅಂತಹ ಕಾಳಜಿಯ ಎದುರು "ಆಯಸ್ಸು ಅಷ್ಟೇ" ಎಂಬ ನನ್ನ ಉತ್ತರ ಬರೀ ನುಣುಚಿಕೊಳ್ಳುವ ಮಾತಾಗಿತ್ತು.

ಹುಟ್ಟುಹಬ್ಬದ ರಿಟರ್ನ್ ಗಿಫ್ಟ್ ಎಂದು ಮೀನು ಹಂಚುವುದನ್ನು ದಯವಿಟ್ಟು ಬಿಡಿ. ಅದನ್ನು ಪಡೆದ ಮನೆಯಲ್ಲಿ ಪಳಗಿದ ನೀರು ಇರುವ ಸಾಧ್ಯತೆ ಕಡಿಮೆ. ಮೀನಿನ ಅಂಗಡಿ ಇಟ್ಟಿರುವ ಸಹೋದರರಲ್ಲೂ ಒಂದು ವಿನಂತಿ. ಟ್ಯಾಂಕ್ ಇಂದು ಮಾರಿ, ಮೀನು ಮುಂದಿನ ತಿಂಗಳು ಮಾರಿ. ಮೀನು ಬದುಕಿದ ಗಿರಾಕಿ ಆಹಾರಕ್ಕೆ, ಗಿಡಕ್ಕೆ ವರ್ಷಗಟ್ಟಲೆ ನಿಮ್ಮಲ್ಲಿಗೇ ಬರುತ್ತಾನೆ.

ಈಗಾಗಲೇ ಬೌಲ್‌ನಲ್ಲಿ ಮೀನು ಇದ್ದರೆ ಗಾಬರಿಯಾಗಬೇಡಿ. ಫಿಲ್ಟರ್ ಇರುವ 20 ಲೀಟರ್ ಟ್ಯಾಂಕಿಗೆ ಅದನ್ನು ಬದಲಾಯಿಸಿ. ದಿನವೂ ಪರೀಕ್ಷಿಸಿ, ಅಮೋನಿಯಾ ಅಥವಾ ನೈಟ್ರೈಟ್ ಕಾಣಿಸಿದ ದಿನ ಕಾಲು ಭಾಗದಿಂದ ಅರ್ಧದವರೆಗೆ ನೀರನ್ನು ಕ್ಲೋರಿನ್ ತೆಗೆದ, ಅದೇ ಉಷ್ಣತೆಯ ನೀರಿನಿಂದ ಬದಲಾಯಿಸಿ. ಆಹಾರ ದಿನಕ್ಕೆ ಎರಡು ಮೂರು ಕಾಳು ಮಾತ್ರ. ಒಂದೂವರೆ ತಿಂಗಳು ಹೀಗೆ ನೋಡಿಕೊಂಡರೆ ಮೀನಿನ ಜೊತೆಗೇ ನೀರೂ ಪಳಗುತ್ತದೆ.

ನಮ್ಮ ಮನೆಯಲ್ಲಿ ಎರಡನೇ ಸಲ ಮಗಳೇ ದಿನಾಂಕ ಹಾಕಿ ಪುಸ್ತಕದಲ್ಲಿ ಬರೆದಳು. 37 ದಿನ ಬೇಕಾಯಿತು. ಮೂವತ್ತೇಳು ದಿನ ಅವಳು ಖಾಲಿ ನೀರನ್ನು ನೋಡುತ್ತಾ ಕೂತಳು, ಪ್ರತಿದಿನ ಬಂದು "ಇವತ್ತು ನೈಟ್ರೈಟ್ ಎಷ್ಟು ಅಬ್ಬು?" ಎಂದು ಕೇಳಿದಳು. ಆ ಮೀನು ಈಗಲೂ ಇದೆ. ನಾನು ಕ್ಲಿನಿಕ್‌ನಿಂದ ಬಂದು ಹತ್ತಿರ ಹೋದರೆ ಗಾಜಿನ ಬಳಿಗೆ ಬರುತ್ತದೆ, ಆಹಾರಕ್ಕಾಗಿಯೇ ಇರಬಹುದು. ಮುಂದಿನ ಈದ್‌ಗೆ ನಿಮ್ಮ ಮಗು ಮೀನು ಕೇಳಿದರೆ ಬೇಡ ಎನ್ನಬೇಡಿ. ಈದ್‌ಗೆ ಒಂದೂವರೆ ತಿಂಗಳ ಮೊದಲೇ ಟ್ಯಾಂಕ್ ತಂದಿಡಿ.